ಬೀಗದಮ್ಮ ಮಗಳಿಗೆ ಮನೆ ಕೊಡಿಸಿದ್ದು

ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಬೀಗದಮ್ಮ. ನನಗೆ ಓರಗಿತ್ತಿ, ಮೈದುನನ ಹೆಂಡತಿ. ಸೊಂಟದಲ್ಲಿ ಸದಾ ಒಂದು ಗೊಂಚಲು ಬೀಗದ ಕೈ, ಅದರಲ್ಲಿ ಒಂದೂ ಅವಳ ಸ್ವಂತ ಮನೆಯದಲ್ಲ. ಖಾಲಿ ಮನೆಗಳ ಯಜಮಾನರು ನಂಬಿ ಕೊಟ್ಟವು.

"ಇಷ್ಟು ಮನೆಗೆ ಒಡತಿ, ಇರೋದು ಮಾತ್ರ ನನ್ನ ಹಿತ್ತಲ ಕೋಣೇಲಿ" ಎಂದು ನಾನು ರೇಗಿಸಿದರೆ, "ಬಾಡಿಗೆ ಬೇಕಿದ್ರೆ ಬಾಯಿಬಿಟ್ಟು ಕೇಳಿ ಅಕ್ಕ" ಎನ್ನುವಳು.

ಮನೆ ಮಾರಿಸುವ ಕೆಲಸವನ್ನು ಅವಳು ಕಲಿತದ್ದು ತನ್ನ ಮನೆ ಕಳೆದುಕೊಂಡು. ಮೈದುನ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿ ತೀರಿಹೋದ, ಸಾಲ ಉಳಿಯಿತು. ಮನೆ ಮಾರಲೇಬೇಕಾಗಿ ಒಬ್ಬ ದಲ್ಲಾಳಿಯನ್ನು ಹಿಡಿದಳು. ಅವನು ಇವಳ ಹತ್ತಿರ ಕಮಿಷನ್ ಮಾತಾಡಿಕೊಂಡು, ಗುಟ್ಟಾಗಿ ಕೊಳ್ಳುವವರ ಹತ್ತಿರವೂ ಮಾತಾಡಿಕೊಂಡು, ಬೆಲೆಯನ್ನು ಅವರ ಕಡೆಗೇ ಜಗ್ಗಿದ. ಇದು ಗೊತ್ತಾಗುವಷ್ಟರಲ್ಲಿ ರಿಜಿಸ್ಟ್ರೇಷನ್ ಮುಗಿದಿತ್ತು.

ಆ ದಿನಗಳಲ್ಲೇ ಇನ್ನೊಂದು ನಡೆಯಿತು. ಇವಳ ಒಬ್ಬಳೇ ಮಗಳು ಶಾಲೆಯಿಂದ ಬಂದಾಗ ಅವಳ ಕೋಣೆಯಲ್ಲಿ ಯಾರೋ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ಅವಳ ಬಟ್ಟೆಯ ಬೀರು ತೆರೆದಿತ್ತು. ಹುಡುಗಿಯ ಕಣ್ಣು ತುಂಬಿ ಬಂತು. ಅಳುವ ಮಗು ಕಂಡರೆ ಗಿರಾಕಿ ಹಿಂದೆ ಸರಿಯುತ್ತಾರೆಂದು ದಲ್ಲಾಳಿ ಇವಳತ್ತ ಕಣ್ಣು ಬಿಟ್ಟ. ಇವಳು ಮಗಳಿಗೆ, "ಸ್ವಲ್ಪ ಹೊರಗೆ ನಿಂತ್ಕೋ" ಎಂದಳು. ಅಷ್ಟೇ. ಆ ಮಾತು ಹುಡುಗಿಯ ಎದೆಯೊಳಗೆ ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಬೆಳೆದು ಕೆಲಸ ಹಿಡಿದಳು, ತಾನೇ ಮದುವೆ ಮಾಡಿಕೊಂಡು ದೂರದ ಊರಿಗೆ ಹೋದಳು. ಅಮ್ಮನ ಫೋನು ಎತ್ತುತ್ತಿರಲಿಲ್ಲ.

ಇತ್ತ ಇವಳು ಆ ದಲ್ಲಾಳಿ ಮಾಡಿದ್ದನ್ನೆಲ್ಲ ತಿರುವಿಹಾಕಿ ತನ್ನ ಕೆಲಸ ಕಟ್ಟಿಕೊಂಡಳು. "ಮನೆ ತೋರಿಸೋಕೆ ನಂಗೆ ಏನೂ ಕೊಡಬೇಡಿ. ಕರಾರು ಬರೆದ ದಿನ ಎರಡೂ ಕಡೆಯವರು ಕೊಡಿ. ಯಾರು ಎಷ್ಟು ಕೊಡ್ತಾರೆ ಅನ್ನೋದನ್ನ ಇಬ್ಬರ ಎದುರಿಗೇ ಹೇಳ್ತೀನಿ" ಎನ್ನುವಳು. ಮನೆಯ ಚೆಂದಕ್ಕಿಂತ ಮೊದಲು ಅದರ ಕೊರತೆ ಹೇಳುವಳು: ತೊಟ್ಟಿಕ್ಕುವ ನಲ್ಲಿ, ಪಕ್ಕದ ಮನೆಯ ಜಗಳಗಂಟ ಮುದುಕ, ಎಲ್ಲ. ತಿಂಗಳುಗಟ್ಟಲೆ ಇವಳ ಚಪ್ಪಲಿ ಸವೆಸಿ, ಕೊನೆಗೆ ಇವಳ ಬೆನ್ನ ಹಿಂದೆ ಯಜಮಾನರ ಜೊತೆ ವ್ಯಾಪಾರ ಮುಗಿಸಿ ಕೈಯೆತ್ತಿದವರೂ ಇದ್ದರು. ಅದಕ್ಕೂ ಅವಳು ಬೈದದ್ದು ನಾನು ಕೇಳಿಲ್ಲ.

ನಮ್ಮ ಮನೆಯವರಿಂದ ಮಾತ್ರ ಒಂದು ಪೈಸೆ ಮುಟ್ಟುತ್ತಿರಲಿಲ್ಲ. ನನ್ನ ಮಗನಿಗೆ ಮನೆ ಕೊಡಿಸಿದಾಗ ನಾನು ಎಷ್ಟು ಒತ್ತಾಯಿಸಿದರೂ ಕೇಳಲಿಲ್ಲ. "ಕಮಿಷನ್ ಇಸ್ಕೊಂಡ್ರೆ ಅವನು ಗಿರಾಕಿ ಆಗ್ತಾನೆ ಅಕ್ಕ, ಆಮೇಲೆ ನಾನು ಚಿಕ್ಕಮ್ಮ ಹೇಗಾಗ್ತೀನಿ?"

ಹೋದ ವರ್ಷ ಅವಳಿಗೆ ಅಳಿಯನ ಫೋನು ಬಂತು. ಈ ಊರಿಗೇ ವರ್ಗವಾಗಿದೆ, ಕೊಳ್ಳೋಕೆ ಒಂದು ಮನೆ ಹುಡುಕಿಕೊಡಿ ಎಂದ. "ನೀವು ಹುಡುಕ್ತಿದ್ದೀರಿ ಅಂತ ಅವಳಿಗೆ ಈಗಲೇ ಹೇಳಲ್ಲ ಅತ್ತೆ. ಮನೆ ಒಪ್ಪಿಗೆ ಆದ್ಮೇಲೆ ನಿಧಾನಕ್ಕೆ ಹೇಳ್ತೀನಿ."

ಅವತ್ತಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ. ಊರೆಲ್ಲ ಜಾಲಾಡಿ, ಬೆಳಕಿನ ಚಿಕ್ಕ ಕೋಣೆಯಿರುವ ಒಂದು ಮನೆ ಹಿಡಿದಳು. ಮಗಳು ನೋಡಲು ಬಂದ ದಿನ ಬೀಗದ ಕೈಯನ್ನು ಅಳಿಯನಿಗೆ ಕೊಟ್ಟು, ತಾನು ತಿರುವಿನ ಅಂಗಡಿಯ ಮರೆಯಲ್ಲಿ ನಿಂತಳಂತೆ. "ಸ್ವಲ್ಪ ಬಡವಾಗಿದ್ದಾಳೆ ಅಕ್ಕ. ನಡಿಗೆ ಥೇಟ್ ಅವರಪ್ಪಂದೇ." ಮಗಳಿಗೆ ಮನೆ ಹಿಡಿಸಿತು.

ಕರಾರಿನ ದಿನ ನನ್ನನ್ನೂ ಕರೆದುಕೊಂಡು ಹೋದಳು. ಹೊಸ ಸೀರೆ ಉಟ್ಟಿದ್ದಳು. ನಾವು ಹೋದಾಗ ಮನೆಯ ಯಜಮಾನರು, ಅಳಿಯ ಒಳಗೆ ಕೂತಿದ್ದರು. ಮಗಳು ಗೇಟಿನ ಆಚೆ ನಿಂತಿದ್ದಳು. ಮನೆ ಹುಡುಕಿದ್ದು ಅಮ್ಮನೇ ಎಂದು ಹಿಂದಿನ ದಿನವಷ್ಟೇ ಗಂಡ ಹೇಳಿದ್ದ. ಓರಗಿತ್ತಿ ಅವಳ ಮುಂದೆ ಹೋಗಿ ನಿಂತಳು.

ನಾನೇ ಅಂದೆ, "ಬಾರೇ ಒಳಗೆ. ನಿನ್ನ ಮನೆ ಇದು."

"ಬೇಡ ದೊಡ್ಡಮ್ಮ. ವ್ಯಾಪಾರ ನಡೆಯೋವಾಗ ಹೊರಗೆ ನಿಂತ್ಕೋಬೇಕು ಅಂತ ಅಮ್ಮನೇ ಹೇಳಿಕೊಟ್ಟಿದ್ದಾರೆ."

ಓರಗಿತ್ತಿ ತಲೆ ತಗ್ಗಿಸಿ ಒಳಗೆ ಬಂದಳು. ಕರಾರಿಗೆ ಸಹಿಯಾಯಿತು. ಅಳಿಯ ಕಾಗದವನ್ನು ಗೇಟಿಗೆ ಒಯ್ದು ಹೆಂಡತಿಯ ಸಹಿ ಹಾಕಿಸಿ ತಂದ. ಯಜಮಾನರು ತಮ್ಮ ಪಾಲಿನ ಕಮಿಷನ್ ಕೊಟ್ಟರು. ಅಳಿಯನೂ ಜೇಬಿಗೆ ಕೈ ಹಾಕಿದ.

"ನಿಮ್ಮಿಂದ ಬೇಡಪ್ಪ" ಎಂದಳು. "ಮನೆಯವರ ಹತ್ರ ನಾನು ತಗೊಳ್ಳಲ್ಲ. ಅವಳಿಗೂ ಹೇಳಿ."

ಅವನು ಮತ್ತೆ ಗೇಟಿನ ತನಕ ಹೋಗಿ ಬಂದ. ಮುಖ ಎತ್ತದೆ ಹೇಳಿದ. "ತಗೊಳ್ಳಲೇಬೇಕಂತೆ ಅತ್ತೆ. ಇಲ್ಲದಿದ್ರೆ ಈ ಮನೇನೇ ಬೇಡ ಅಂತಾಳೆ."

ಯಜಮಾನರು ಕಿಟಕಿಯ ಕಡೆ ನೋಡುತ್ತ ಕುಳಿತರು. ಓರಗಿತ್ತಿ ಬಹಳ ಹೊತ್ತು ಆ ಹಣವನ್ನೇ ನೋಡಿದಳು. ಆಮೇಲೆ ಎಲ್ಲ ಗಿರಾಕಿಗಳಿಂದ ತೆಗೆದುಕೊಳ್ಳುವ ಹಾಗೆ ಎರಡೂ ಕೈ ಚಾಚಿ ತೆಗೆದುಕೊಂಡಳು. ಗೊಂಚಲಿನಿಂದ ಆ ಮನೆಯ ಬೀಗದ ಕೈಯನ್ನು ಬಿಡಿಸಿ ಯಜಮಾನರ ಮುಂದಿಟ್ಟಳು.

ನಾವು ಹೊರಗೆ ಬಂದಾಗ ಮಗಳು ಬೆನ್ನು ತಿರುಗಿಸಿ ನಿಂತಿದ್ದಳು. ಅವಳ ಭುಜ ಅಲುಗುತ್ತಿದ್ದುದನ್ನು ನಾನು ಕಂಡೆ. ಓರಗಿತ್ತಿ ಕಂಡಳೋ ಇಲ್ಲವೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಅವಳು ಒಂದು ಗಳಿಗೆ ನಿಧಾನಿಸಿ, ಪಕ್ಕದಲ್ಲೇ ದಾಟಿ ನಡೆದಳು.

ಬೀದಿಯ ಕೊನೆಯಲ್ಲಿ ಥಟ್ಟನೆ ನಿಂತಳು.

"ಅಕ್ಕ, ಆ ಚಿಕ್ಕ ರೂಮಿನ ಕಿಟಕಿ ಚಿಲಕ ಬಿಗಿ. ಸ್ವಲ್ಪ ಮೇಲೆತ್ತಿ ತಳ್ಳಬೇಕು. ಹೇಳೋದೇ ಮರೆತೆ."

"ಈಗಲೇ ಹೋಗಿ ಹೇಳಿ ಬಾ. ಇಲ್ಲಾ ಫೋನ್ ಮಾಡು."

ಅವಳು ಸೆರಗಿನ ಗಂಟಿನ ಮೇಲೆ ಕೈಯಿಟ್ಟುಕೊಂಡಳು. ಹಣ ಅಲ್ಲಿತ್ತು.

"ಯಾವ ನೆವದಲ್ಲಿ ಹೋಗಲಿ? ಕೊಡೋದನ್ನ ಕೊಟ್ಟು ಮುಗಿಸಿದಳಲ್ಲ."