ಅಜ್ಜನ ಹುಬ್ಬಿಗೆ ಏಳು ಗೆರೆ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಸಾಗರದ ನಮ್ಮ ಮನೆಯ ಶೋಕೇಸಿನಲ್ಲಿವೆ. ಒಂದರಲ್ಲಿ ಅಮ್ಮ ಪಿನ್ನು, ಅಂಗಿಗುಂಡಿ ಹಾಕಿಡುತ್ತಾಳೆ. ಆಧಾರವಿಲ್ಲದ ಮಾತನ್ನು ನಂಬಬಾರದು ಎಂದು ಆ ವೇದಿಕೆಗಳಲ್ಲಿ ಕಲಿತೆ. ಹಾಗೆ ನಂಬದವಳನ್ನು ಮದುವೆಮನೆಯ ಪಂಕ್ತಿಯಲ್ಲಿ ಯಾರೂ ಪಕ್ಕಕ್ಕೆ ಕರೆಯುವುದಿಲ್ಲ ಎಂದು ಆಮೇಲೆ ಕಲಿತೆ. ಈಗ ಹೊಟ್ಟೆಪಾಡಿಗೆ ಟ್ಯಾಬಿನ ಮೇಲೆ ಚಿತ್ರ ಬರೆಯುತ್ತೇನೆ. ಮಕ್ಕಳ ಪುಸ್ತಕಕ್ಕೆ ಆನೆ, ಮದುವೆ ಕಾಗದಕ್ಕೆ ಬಾಳೆಕಂಬ, ಹೀಗೆ.

ಹೊಸನಗರದ ಸಣ್ಣತ್ತೆ ಒಂದು ದಿನ ಬಂದು ಅಜ್ಜನ ಮುಖ ಬರೆದುಕೊಡು ಎಂದಳು. ಅಜ್ಜ ಎಂದರೆ ಅವಳ ಅಪ್ಪ. ಅವಳು ತೊಟ್ಟಿಲಲ್ಲಿದ್ದಾಗಲೇ ಅವರು ತೀರಿಹೋದರು. ಫೋಟೋ ಇಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಅತ್ತೆ ನಮ್ಮಲ್ಲಿಗೆ ಬರುತ್ತಾಳೆ. ಮಣೆಯ ಮೇಲೆ ಮಡಿಸಿಟ್ಟ ಹೊಸ ಪಂಚೆಯನ್ನೇ ಅಜ್ಜ ಎಂದುಕೊಂಡು ಎಲ್ಲರೂ ಎಡೆ ಹಾಕುತ್ತೇವೆ.

"ಪಂಚೆಗೆ ಕೈ ಮುಗ್ದೂ ಮುಗ್ದೂ ಸಾಕಾಯ್ತು ಮಾರಾಯ್ತಿ. ಗಂಡನ ಮನೇಲಿ ಗ್ವಾಡೆ ತುಂಬ ಮಾವ, ಮಾವನ ಅಪ್ಪ, ಅವ್ರ ಅಪ್ಪ. ನಂಗೆ ಒಂದು ಮುಖ ಬೇಡ್ವಾ? ಒಂದೇ ಒಂದು."

ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಮರದ ಹಲಗೆಯ ಮೇಲೆ ಕೊರೆಸಿ ಕೊಡು ಎಂಬುದೂ ಅವಳದೇ ಯೋಚನೆ. ಈ ಅಮಾವಾಸ್ಯೆಗೇ ಬೇಕಿತ್ತು.

ಸಾಕ್ಷಿಗಳು ಇಬ್ಬರೇ. ತೀರ್ಥಹಳ್ಳಿಯ ದೊಡ್ಡಪ್ಪನಿಗೆ ಆಗ ಹದಿನಾಲ್ಕು, ನನ್ನ ಅಪ್ಪನಿಗೆ ಆರು. ತೊಟ್ಟಿಲಲ್ಲಿದ್ದವರ ಸಾಕ್ಷ್ಯ ಪರಿಗಣಿಸಲಾಗದು ಎಂದು ನಾನೇ ತೀರ್ಪು ಕೊಟ್ಟು, ಅತ್ತೆಯನ್ನು ಪಕ್ಕಕ್ಕಿಟ್ಟು, ಬೈಕಿನಲ್ಲಿ ತೀರ್ಥಹಳ್ಳಿಗೆ ಹೋದೆ.

"ಹುಬ್ಬು ಎರಡೂ ಕೂಡಿತ್ತು," ಎಂದರು ದೊಡ್ಡಪ್ಪ. "ಇಲ್ಲಿಂದ ಇಲ್ಲಿಗೆ ಒಂದೇ. ಬಾಯಿ ಬಿಗಿ. ಎದುರು ನಿಲ್ಲೋಕೆ ಹೆದ್ರಿಕೆ ಆಗ್ತಿತ್ತು. ಬರ್ಕೊಂಡ್ಯಾ?"

"ಫೋಟೋನೇ ಇರ್ಲಿಲ್ವಾ ದೊಡ್ಡಪ್ಪ?"

"ಒಂದಿತ್ತಪ್ಪ, ಅವ್ವನ ಸೀರೆ ಪೆಟ್ಟಿಗೇಲಿ. ಅವ್ವ ತೆಗೀತಿರ್ಲಿಲ್ಲ, ನಾವು ಕೇಳೋಕೆ ಹೋಗ್ಲಿಲ್ಲ. ಆಮೇಲೆ ಅದೊಂದನ್ನ ಗೆದ್ಲು ತಿಂತು. ಅವತ್ತಿಂದ ನಾನು ವರ್ಷಾ ವರ್ಷಾ ಪೆಟ್ಟಿಗೆ ಕಾಲಿಗೆ ಗೇರೆಣ್ಣೆ ಬಳಿದಿದ್ದೇ ಬಳಿದಿದ್ದು."

ಗೇರೆಣ್ಣೆ ಎಂದೂ ನೋಟುಪುಸ್ತಕದಲ್ಲಿ ಬರೆದುಕೊಂಡೆ.

ಅಪ್ಪನ ಹೇಳಿಕೆ ಬೇರೆ ದಿಕ್ಕಿನದು. ತಾಳಗುಪ್ಪಕ್ಕೆ ರೈಲು ನೋಡಲು ಅಜ್ಜನ ಹೆಗಲ ಮೇಲೆ ಕೂತು ಹೋಗಿದ್ದೇ ಅಪ್ಪನ ಇಡೀ ನೆನಪು. ಹೀಗಾಗಿ ಅವರಿಗೆ ಮುಖವೇ ಗೊತ್ತಿಲ್ಲ. ನೆತ್ತಿಯ ಸುಳಿ ಗೊತ್ತು, ಹಿಡಿದುಕೊಳ್ಳಲು ಅನುಕೂಲವಾಗಿದ್ದ ಕಿವಿಗಳು ಗೊತ್ತು. "ಹುಬ್ಬು ಗಿಬ್ಬು ಕೂಡಿರ್ಲಿಲ್ಲ, ಅಣ್ಣ ಸುಮ್ನೆ ಹೇಳ್ತಾನೆ," ಎಂದರು. ಮೇಲಿನಿಂದ ಹುಬ್ಬು ಹೇಗೆ ಕಂಡಿತು ಎಂದು ಕೇಳಿದೆ. "ನಿನ್ನ ಹತ್ರ ಮಾತಾಡೋದೇ ಕಷ್ಟ" ಎಂದು ಹಿತ್ತಿಲಿಗೆ ಎದ್ದುಹೋದರು.

ನಾನು ಕಚ್ಚಾಚಿತ್ರ ಬರೆದೆ. ಕಚ್ಚಾಚಿತ್ರದ ಸುಖವೇ ಬೇರೆ. ಕೆನ್ನೆಗೆ ನಾಲ್ಕು ಗೆರೆ, ಮೂಗಿಗೆ ಐದು, ಹುಬ್ಬುಗಳ ಜಾಗದಲ್ಲಿ ಏಳು. ಕೂಡಿದ್ದೂ ಉಂಟು, ಬಿಡಿಯಾಗಿದ್ದೂ ಉಂಟು. ಅದನ್ನು ಮೊಬೈಲಿಗೆ ಕಳಿಸಿದಾಗ ನಮ್ಮ ಮನೆತನದ ಇತಿಹಾಸದಲ್ಲೇ ಮೊದಲ ಬಾರಿಗೆ ಒಮ್ಮತ ಮೂಡಿತು. "ಅಪ್ಪಯ್ಯನೇ ಎದ್ದು ಬಂದಂಗಿದೆ" ಎಂದು ದೊಡ್ಡಪ್ಪ ಧ್ವನಿಸಂದೇಶ ಕಳಿಸಿದರು. "ನಾ ಹೇಳ್ಲಿಲ್ವಾ, ಕೂಡಿರ್ಲಿಲ್ಲ ಅಂತ" ಎಂದು ಅಪ್ಪ ಅದೇ ಚಿತ್ರ ನೋಡಿ ಬೀಗಿದರು. ಪರ, ವಿರೋಧ ಎರಡೂ ತಂಡಗಳು ಒಂದೇ ಭಾಷಣದಿಂದ ಗೆಲ್ಲುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸಾಗರದಲ್ಲಿ ಲೇಸರ್ ಕೊರೆಯುವ ಅಂಗಡಿಯವನು ಆ ಸುಖಕ್ಕೆ ಕಲ್ಲು ಹಾಕಿದ. "ಇದೇನು ಮೇಡಂ, ಕೋಳಿ ಕೆದರಿದಂಗಿದೆ? ಮಷಿನ್ನಿಗೆ ಎಲ್ಲಾ ಗೆರೇನೂ ಗೆರೇನೇ. ಹಿಂಗೇ ಕೊಟ್ರೆ ನಿಮ್ಮಜ್ಜನ ಮುಖ ಉತ್ತಿಡುತ್ತೆ. ಒಂದೊಂದೇ ಗೆರೆ ಕೊಡಿ."

ಅಂದರೆ ಲೈನ್ ಆರ್ಟ್ ಆಗಬೇಕು. ಕೆಲಸ ಸರಳ: ಕಚ್ಚಾಚಿತ್ರವನ್ನು ತಿಳಿನೀಲಿಯಾಗಿ ಮಸುಕು ಮಾಡುವುದು, ಅದರ ಮೇಲೆ ಖಾಲಿ ಲೇಯರ್ ಹಾಸುವುದು, ಏಳು ಗೆರೆಗಳಲ್ಲಿ ಒಂದನ್ನು ಆರಿಸಿ ಕಪ್ಪಾಗಿ ಎಳೆಯುವುದು. ಕೈ ನಡುಗಿದರೆ ತಂತ್ರಾಂಶವೇ ಗೆರೆಯನ್ನು ನೇರ್ಪು ಮಾಡುತ್ತದೆ. ಆರಿಸುವುದನ್ನು ಮಾತ್ರ ಅದು ಮಾಡುವುದಿಲ್ಲ.

ಅಮಾವಾಸ್ಯೆಗೆ ವಾರವಿದ್ದಾಗ ಅತ್ತೆ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು. ನಾನು ನ್ಯಾಯವಾಗಿರೋಣವೆಂದು ಇಬ್ಬರು ಸಾಕ್ಷಿಗಳ ಸರಾಸರಿ ಎಳೆಯುತ್ತಿದ್ದೆ: ಅರ್ಧ ಕೂಡಿದ ಹುಬ್ಬು.

"ಅದಲ್ಲ," ಎಂದಳು ಅತ್ತೆ. "ಕೆಳಗಿಂದು."

ಅಳಿಸಿ ಕೆಳಗಿನದನ್ನು ಎಳೆದೆ. ಎರಡು ಬಿಡಿ ಹುಬ್ಬು.

"ಮೂಗಿಗೆ ಬಲಗಡೆ ಗೀಟು ತಗೋ. ತುಟಿ ಇಷ್ಟು ಬಿಗಿ ಇಲ್ಲ. ಒಂದು ಬದಿ ಚೂರು ಮೇಲೆ. ಸ್ಟುಡಿಯೋದವ್ನು ಎಂತದೋ ತಮಾಷೆ ಮಾಡಿದ್ದ ಅನ್ಸುತ್ತೆ."

ಸ್ಟುಡಿಯೋದವನು? ನನ್ನ ಪೆನ್ನು ನಿಂತಿತು. "ಅತ್ತೆ, ನೀವು ತೊಟ್ಟಿಲಲ್ಲಿದ್ರಿ."

"ಯಾವಾಗ್ಲೂ ತೊಟ್ಲಲ್ಲೇ ಇದ್ನಾ? ಹನ್ನೊಂದನೇ ವರ್ಷದ ತನಕ ಅವ್ವ ಗದ್ದೆಗೆ ಹೋದಾಗೆಲ್ಲ ಪೆಟ್ಟಿಗೆ ತೆಗ್ದು ನೋಡ್ತಿದ್ದೆ. ದಿನಾ. ಒಂದು ಮಳೆಗಾಲದಲ್ಲಿ ಬೂಷ್ಟು ಹಿಡೀತು. ಒದ್ದೆ ಬಟ್ಟೇಲಿ ಒರೆಸ್ದೆ. ಮುಖ ಬಟ್ಟೆಗೆ ಬಂತು. ಉಳಿದಿದ್ದನ್ನ ಬಚ್ಚಲೊಲೆಗೆ ಹಾಕ್ದೆ."

"ಮತ್ತೆ ಗೆದ್ದಲು?"

"ಅದು ಅವ್ವ ಹೇಳಿದ್ದು. ನಾನು ಅಲ್ಲ ಅನ್ಲಿಲ್ಲ. ನಿಮ್ಮ ದೊಡ್ಡಪ್ಪಂಗೆ ಮಾತ್ರ ಹೇಳ್ಬೇಡ. ಐವತ್ತು ದಾಟಿದ್ಮೇಲೂ ಅಣ್ಣಯ್ಯ ಅಂದ್ರೆ ನಂಗೆ ಹೆದ್ರಿಕೆ."

ಪೆಟ್ಟಿಗೆಯೊಳಗಿದ್ದ ಸೀರೆಗಳನ್ನೆಲ್ಲ ಬಿಟ್ಟು ಫೋಟೋವನ್ನು ಮಾತ್ರ ತಿಂದ ಗೆದ್ದಲಿನ ಬಗ್ಗೆ ನಾನು ಒಂದೇ ಒಂದು ಪಾಟೀಸವಾಲು ಹಾಕಿರಲಿಲ್ಲ. ಅಜ್ಜನ ಮುಖವನ್ನು ಅತಿ ಹೆಚ್ಚು ಹೊತ್ತು ನೋಡಿದವಳನ್ನು ವಿಚಾರಣೆಗೆ ಮೊದಲೇ ಕೋರ್ಟಿನ ಹೊರಗೆ ಕೂರಿಸಿದ್ದೆ. ಕಪ್ಪಿನಲ್ಲಿ ಪಿನ್ನು ಹಾಕಿಡುವ ಅಮ್ಮನೇ ನನಗಿಂತ ವಿವೇಕಿ.

ಅವಳು ಹೇಳಿದಂತೆಯೇ ಸಂಜೆಯ ಹೊತ್ತಿಗೆ ಮುಗಿಸಿದೆ. ಒಂದು ಮೂಗು, ಒಂದು ಬಾಯಿ, ಎರಡು ಹುಬ್ಬು.

ಕೊರೆಯಲು ಕೊಡುವ ಮುಂಚೆ ದೊಡ್ಡಪ್ಪ ಒಪ್ಪಬೇಕು, ಹಿರಿಯರು. ಬಸ್ಸಿಳಿದು ಬಂದು, ಕನ್ನಡಕ ಒರೆಸಿಕೊಂಡು ಟ್ಯಾಬು ನೋಡಿದರು.

"ಇದ್ಯಾರು?"

ಅತ್ತೆ ಬಾಗಿಲ ಬಳಿ ಸೆರಗಿನ ಅಂಚು ಸುತ್ತುತ್ತ ನಿಂತಿದ್ದಳು.

"ಮೊದ್ಲಿಂದು ಚೆನ್ನಾಗಿತ್ತು. ಇದು ಯಾವನೋ ಪಾಪದವನು. ಹುಬ್ಬು ಕೂಡಿಸು."

ಸಾಕ್ಷಿಯಿದೆ, ಹೇಳುವಂತಿಲ್ಲ. ಹದಿನಾಲ್ಕರ ನೆನಪು ಎಷ್ಟು ನಂಬಿಕೆಗೆ ಅರ್ಹ, ಭಯದಲ್ಲಿ ಕಣ್ಣು ಎಷ್ಟು ಕಾಣುತ್ತದೆ ಎಂದೆಲ್ಲ ಐದು ನಿಮಿಷ ವಾದಿಸಿದೆ. ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡು, "ಆಯ್ತಾ? ಈಗ ಕೂಡಿಸು" ಎಂದರು.

ಆಗ ಬದುಕಿನಲ್ಲೇ ಅತಿ ಕಳಪೆ ವಾದ ಹೂಡಿದೆ. "ಆಗಲ್ಲ ದೊಡ್ಡಪ್ಪ. ಫೈಲ್ ಲಾಕ್ ಆಗಿದೆ. ಇನ್ನು ಸಿಸ್ಟಮ್ ತಗೊಳ್ಳಲ್ಲ."

"ಓ, ಹಂಗಾ?" ಎಂದರು ದೊಡ್ಡಪ್ಪ. ತಾಲ್ಲೂಕು ಕಚೇರಿಯಲ್ಲೂ ಬ್ಯಾಂಕಿನಲ್ಲೂ ಅದೇ ಮಾತು ಕೇಳಿ ವಾಪಸು ಬಂದ ಮನುಷ್ಯ. "ಮೊದ್ಲೇ ಹೇಳೋದಲ್ವಾ? ಸಿಸ್ಟಮ್ ತಗೊಳ್ಳಲ್ಲ ಅಂದ್ರೆ ಎಂತ ಮಾಡೋಕಾಗುತ್ತೆ?" ಎಲೆ ಮಡಿಸಿ ಬಾಯಿಗಿಟ್ಟರು. ನಾನು ಗೆದ್ದಿದ್ದೆ.

"ತಗೊಳ್ಳುತ್ತೆ ಅಣ್ಣಯ್ಯ," ಎಂದಳು ಬಾಗಿಲಲ್ಲಿದ್ದ ಅತ್ತೆ. "ಅವ್ಳು ಸುಳ್ಳು ಹೇಳ್ತಿದಾಳೆ. ಒಂದು ನಿಮಿಷದಲ್ಲಿ ಕೂಡಿಸ್ಬಹುದು. ಕೂಡಿಸೋದು ಬೇಡ ಅಂದಿದ್ದು ನಾನು."

"ನಿಂಗೆಂತ ಗೊತ್ತು?"

"ನಾ ನೋಡಿದೀನಿ." ಮತ್ತೆ ಎಲ್ಲವನ್ನೂ ಹೇಳಿದಳು, ಪೆಟ್ಟಿಗೆ, ಬೂಷ್ಟು, ಒದ್ದೆ ಬಟ್ಟೆ, ಬಚ್ಚಲೊಲೆ. ನನಗೆ ಹೇಳಿದಷ್ಟು ಸಲೀಸಾಗಿ ಅಲ್ಲ. ಶಾಲೆಯಲ್ಲಿ ಎದ್ದು ನಿಂತು ಪಾಠ ಒಪ್ಪಿಸುವವರ ಹಾಗೆ, ನೆಲ ನೋಡುತ್ತ.

ದೊಡ್ಡಪ್ಪ ಗುಡುಗುತ್ತಾರೆ ಎಂದು ಅಪ್ಪನೂ ನಾನೂ ಕಾದೆವು. ಅವರು ಎಲೆ ಅಗಿಯುವುದನ್ನು ನಿಲ್ಲಿಸಿದ್ದರು.

"ಹಂಗಾದ್ರೆ ಹುಬ್ಬು ಕೂಡಿರ್ಲಿಲ್ವಾ?" ಎಂದು ಕೇಳಿದರು. ಕೇಳಿದ್ದು ತಂಗಿಯನ್ನು.

"ಫೋಟೋದಲ್ಲಿ ಇಲ್ಲ ಅಣ್ಣಯ್ಯ. ಸಿಟ್ಟು ಬಂದಾಗ ಕೂಡ್ತಿತ್ತೇನೋ. ಅದು ನಂಗೊತ್ತಿಲ್ಲ."

ದೊಡ್ಡಪ್ಪ ಟ್ಯಾಬನ್ನು ತೊಡೆಯ ಮೇಲೆ ಎಳೆದುಕೊಂಡರು. ತುಟಿಯ ಮೇಲೆದ್ದ ಆ ಒಂದು ಬದಿಯ ಮೇಲೆ ಬೆರಳಿಟ್ಟರು. ಚಿತ್ರ ದೊಡ್ಡದಾಯಿತು, ಗಾಬರಿಯಾಗಿ ಬೆರಳು ತೆಗೆದರು.

"ನಗ್ತಿದ್ರಾ?" ಎಂದರು.

"ಹ್ಞೂಂ, ಚೂರು," ಎಂದಳು ಅತ್ತೆ, ಅವರ ಪಕ್ಕಕ್ಕೆ ಬಂದು ಕೂರುತ್ತ.