ಸೋಲಾರ್ ಟ್ಯಾಂಕಿಗೆ ಕಿವಿ ಕೊಟ್ಟವರು

ನಮ್ಮ ಮೇಲ್ಮನೆಯ ಹಿರಿಯರು, ನೀರು ಕಾಯುವ ಸದ್ದು ಕೇಳಲು, ಎಡಗಿವಿಯನ್ನು ಬಿಸಿನೀರಿನ ಪೈಪಿಗೆ ಹಚ್ಚಿ, ಕೆಳತುಟಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಕಿವಿಯ ಅಂಚು ಸದಾ ಕೆಂಪು. ಗದಗದ ಕಡೆಯವರು, ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ವಿದ್ಯಾರಣ್ಯಪುರದ ನಮ್ಮ ಎಂಟು ಮನೆಗಳ ಕಟ್ಟಡಕ್ಕೆ ತಾರಸಿಯಲ್ಲಿ ಒಂದೇ ಸೋಲಾರ್ ಟ್ಯಾಂಕು. ಅದರ ಗಾಜನ್ನು ಬೆಳಿಗ್ಗೆ ಒರೆಸುವ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಂಡಿದ್ದರು. ನಾನು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಯಾವ ಮನೆಗೆ ಎಷ್ಟು ಗಂಟೆಗೆ ಸ್ನಾನ ಎಂಬ ಪಟ್ಟಿ ಬರೆದು ಮೆಟ್ಟಿಲ ಬಳಿ ಅಂಟಿಸಿದ್ದೆ.

"ಸೂರ್ಯಗೂ ಒಂದ್ ನೋಟೀಸ್ ಕೊಟ್ಟಬಿಡ್ರಿ ಸಾಹೇಬ್ರ," ಎಂದು ಮೇಲ್ಮನೆಯವರು ನಗುತ್ತಿದ್ದರು.

ಒಂದು ಡಿಸೆಂಬರಿನಲ್ಲಿ ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಹನ್ನೆರಡು ದಿನ. ಮೂರು ದಿನ ಬಿಡದ ಮೋಡ. ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರೂ ಇಲ್ಲ.

"ಎಳೇ ಕೂಸಿಗೆ ಥಂಡಿ ಹಿಡಿದ್ರೆ ಏನ್ರೀ ಮಾಡೋದು?" ಎಂದು ಹೆಂಡತಿ ಗಳಿಗೆಗೊಮ್ಮೆ ಕೇಳುತ್ತಿದ್ದಳು.

ತಾರಸಿಗೆ ಹೋದೆ. ಟ್ಯಾಂಕಿನ ಮೇಲೆ ಗಾಳಿಕೊಳವೆ ಬಾಯಿ ತೆರೆದು ನಿಂತಿತ್ತು. ಬಿಸಿಯೆಲ್ಲ ಇಲ್ಲಿಂದಲೇ ಸೋರುತ್ತಿದೆ ಎಂದುಕೊಂಡು ಹಳೆಯ ಪಂಚೆಯ ತುಂಡನ್ನು ತುರುಕಿ, ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಗಂಟು ಹಾಕಿದೆ.

ಮರುದಿನ ಬಿಸಿಲು ಚುರುಗುಟ್ಟಿತು. ಮಧ್ಯಾಹ್ನ ಪೈಪಿನಲ್ಲಿ ಟಕಟಕ ಸದ್ದು. ಮೇಲ್ಮನೆಯವರು ತಾರಸಿಗೆ ಓಡಿದರು, ಹಿಂದೆಯೇ ನಾನು. ಟ್ಯಾಂಕಿನ ಒಂದು ಬದಿ ಉಬ್ಬಿತ್ತು.

"ಉಸಿರಾಡೂ ಮೂಗಿಗೆ ಅರಿವಿ ತುರುಕ್ಯಾರಲ್ರೀ! ಒಡೀತದ ಇದು. ನೀವು ಕೆಳಗ ನಡೀರಿ, ಮನ್ಯಾಗ ಕೂಸದ."

ಮೆಟ್ಟಿಲಲ್ಲೇ ನಿಂತೆ. ಅವರು ಕೋಲಿನಿಂದ ಗಂಟು ಮೀಟುವ ಸದ್ದು ಕೇಳಿತು. ಆಮೇಲೆ ಭುಸ್ಸೆಂದು ಹಬೆ. ಆಮೇಲೆ ಏನೂ ಇಲ್ಲ. ಕೊನೆಗೆ ಇಳಿದು ಬಂದರು. ಬಲಗೈ ಮೊಣಕೈವರೆಗೆ ಬೆಂದಿತ್ತು.

ಭಾನುವಾರ ಸಂಘದ ಸಭೆಯಲ್ಲಿ ಬಟ್ಟೆ ಕಟ್ಟಿದವರಾರು ಎಂಬ ಪ್ರಶ್ನೆ ಎದ್ದಿತು. ಪಂಚೆಯ ಅಂಚು ಯಾರದೆಂದು ಮೇಲ್ಮನೆಯವರಿಗೆ ಗೊತ್ತಿತ್ತು.

"ಗಾಳಿಗೆ ಹಾರಿ ಬಂದು ಸಿಕ್ಕೊಂಡಿತ್ರಿ," ಎಂದರು.

"ಗಾಳಿ ಗಂಟು ಬೇರೆ ಹಾಕುತ್ತೇನ್ರೀ?" ಎಂದು ಎದುರುಮನೆಯವರು ಕೆಣಕಿದರು.

"ನಮ್ಮ ಗದಗದ ಗಾಳಿ ಹಾಕ್ತದ್ರಿ."

ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ.

ಎಷ್ಟೋ ಬೆಳಿಗ್ಗೆ, ಇವತ್ತು ಹೇಳಿಯೇ ಬಿಡುತ್ತೇನೆ ಎಂದು ತಾರಸಿ ಹತ್ತಿದ್ದೇನೆ. ಹವೆಯ ಮಾತಾಡಿ ಇಳಿದಿದ್ದೇನೆ. ಈ ಶ್ರಾವಣದಲ್ಲಿ ಅವರು ತೀರಿಕೊಂಡರು. ನಾಡಿದ್ದು ಸಂಘದ ಸಭೆ. ವಿಷಯಪಟ್ಟಿಯ ಮೊದಲ ಸಾಲು ಬರೆದು ಮೆಟ್ಟಿಲ ಬಳಿ ಅಂಟಿಸಿ ಬಂದಿದ್ದೇನೆ: 'ಗಾಳಿಕೊಳವೆಗೆ ಬಟ್ಟೆ ಕಟ್ಟಿದ್ದು ಕಾರ್ಯದರ್ಶಿ.' ಯಾರೋ ಮೆಟ್ಟಿಲು ಹತ್ತುತ್ತಿರುವುದು ಕೇಳುತ್ತಿದೆ; ಆ ಪಟ್ಟಿಯ ಮುಂದೆ ಹೆಜ್ಜೆ ನಿಂತಿತು.