‘ಪತ್ತೆಯಿಲ್ಲ’ದವರನ್ನು ಪತ್ತೆಹಚ್ಚಿದ ಮಿಸ್ ಅಲ್ಸಿಂಡೋರ್

ಜ್ಯೂರಿಯ ಹನ್ನೆರಡು ಕುರ್ಚಿಗಳನ್ನು ತುಂಬಿಸುವ ಗುಮಾಸ್ತೆಯ ಹೆಸರು ಯಾವ ತೀರ್ಪಿನಲ್ಲೂ ಬರುವುದಿಲ್ಲ. ಆದರೆ ಆಕೆಯಿಲ್ಲದೆ ಯಾವ ತೀರ್ಪೂ ಹೊರಬೀಳುವುದಿಲ್ಲ. ಆನ್ಸ್ ರೂಜ್ ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಜ್ಯೂರಿ ಪಟ್ಟಿಯನ್ನು ಕಾಪಾಡಿ ನಿವೃತ್ತರಾಗುತ್ತಿರುವ ಮಾನ್ಯ ಮಿಸ್ ಯುಲೇಲಿ ಅಲ್ಸಿಂಡೋರ್ ಅವರು ನಮ್ಮ ದ್ವೀಪಕ್ಕೆ ಅಂಥವರು. ಅವರ ಕೈಕೆಳಗೆ ಆರು ವರ್ಷ ಕಲಿತ ನಾನು ಇದನ್ನು ಸಂತೋಷದಿಂದ ಬರೆಯಬೇಕಿತ್ತು. ಸಿಟ್ಟಿನಿಂದ ಬರೆಯುತ್ತಿದ್ದೇನೆ, ಹಿರಿಯರು ಮನ್ನಿಸಬೇಕು.

ಕಾಡಿನ ದೆವ್ವಕ್ಕೆ ನಮ್ಮ ನಿಜವಾದ ಹೆಸರು ಸಿಕ್ಕರೆ ಅದು ನಮ್ಮನ್ನು ಕರೆದೊಯ್ಯುತ್ತದೆ ಎಂದು ನನ್ನಜ್ಜಿ ಹೇಳುತ್ತಿದ್ದಳು. ಅದಕ್ಕೇ ನಮ್ಮ ಗುಡ್ಡದಲ್ಲಿ ಇಟ್ಟ ಹೆಸರು ಇಗರ್ಜಿಯ ಪುಸ್ತಕದಲ್ಲಿ ಮಲಗಿರುತ್ತದೆ, ಕರೆಯುವ ಹೆಸರು ಊರೆಲ್ಲ ಓಡಾಡುತ್ತದೆ. ಮತದಾರರ ಪಟ್ಟಿಯಿಂದ ಜ್ಯೂರಿಗೆ ಚೀಟಿ ಎತ್ತಿದಾಗ ಬರುವುದು ಮಾತ್ರ ಆ ಮಲಗಿದ ಹೆಸರೇ. ಥಿಯೋಫಿಲಸ್ ಹಿಪೊಲೈಟ್ ಯಾರೆಂದು ಸಮನ್ಸು ತಂದ ಅಮೀನರು ಸ್ವತಃ ಥಿಯೋಫಿಲಸನನ್ನೇ ಕೇಳಿದರು. “ಅಂಥೋರು ಈ ಕಡೆ ಯಾರೂ ಇಲ್ಲ ಸ್ವಾಮಿ” ಎಂದನಾತ. ಊರಿಗೆ ಅವನು ಟಿ-ಕಾಕ್, ಪುಟ್ಟ ಹುಂಜ. ಸಮನ್ಸಿನ ಬೆನ್ನಿಗೆ ‘ಪತ್ತೆಯಿಲ್ಲ’ ಎಂಬ ಮುದ್ರೆ ಬಿತ್ತು.

ಆ ಮುದ್ರೆಯ ಬೆಲೆ ತೆತ್ತವನು ಲಿನಸ್ ಎಂಬ ಬಡಗಿ. ಕೊಲೆ ಆರೋಪ ಹೊತ್ತು ಸೆರೆಯಲ್ಲಿದ್ದ ಅವನ ವಿಚಾರಣೆ ಐದು ಸಲ ಮುಂದೆ ಹೋಯಿತು. ಪೇಟೆಯ ಜ್ಯೂರಿ ಸದಸ್ಯರೆಲ್ಲ ಸತ್ತವನ ನೆಂಟರು, ಕೂರುವಂತಿಲ್ಲ; ಗುಡ್ಡದವರು ‘ಪತ್ತೆಯಿಲ್ಲ’. ಹೀಗೆ ನಾಲ್ಕು ವರ್ಷ! ಗುಡ್ಡದವರಿಗೆ ನಾಗರಿಕ ಪ್ರಜ್ಞೆಯಿಲ್ಲವೆಂದು ಮೇಲಧಿಕಾರಿಯೊಬ್ಬರು ಸಭೆಯಲ್ಲಿ ಅಪ್ಪಣೆ ಕೊಡಿಸಿದಾಗ, ಎಂದೂ ದನಿ ಎತ್ತದ ಮಿಸ್ ಎದ್ದು ನಿಂತರು. “ನೀವು ಅವರನ್ನ ಕರೆದೇ ಇಲ್ಲ ಸಾರ್. ಕರೀದೆ ಹೆಂಗ್ ಬರ್ತಾರೆ?”

ಎರಡೂ ಹೆಸರು ಜೊತೆಗೆ ಕೇಳಿಸುವುದು ನಮ್ಮಲ್ಲಿ ಒಂದೇ ಕಡೆ: ಸಂಜೆಯ ರೇಡಿಯೋದ ಮರಣವಾರ್ತೆಯಲ್ಲಿ. “ಮಾ ಟೀಟಿನ್ ಎಂದೇ ಪರಿಚಿತರಾದ ಫಿಲೋಮಿನ್ ಹಿಪೊಲೈಟ್, ಟಿ-ಕಾಕ್ ಎಂಬ ಥಿಯೋಫಿಲಸನ ತಾಯಿ…” ಮಿಸ್ ದಿನವೂ ಕಿವಿಗೊಟ್ಟು ಬರೆದುಕೊಂಡರು, ಹನ್ನೊಂದು ನೋಟುಪುಸ್ತಕ ತುಂಬಿದವು.

“ಇವತ್ತು ಯಾರ್ ಹೋದ್ರು ಮಿಸ್? ಹೆಣದ ಲೆಕ್ಕ ಎಲ್ಲಿಗ್ ಬಂತು?” ಎಂದು ಕಚೇರಿಯವರು ಅಣಕಿಸುತ್ತಿದ್ದರು.

“ಹೋದೋರ್ದಲ್ಲ ಕಣೋ, ಉಳಿದೋರ್ ಲೆಕ್ಕ.”

ಆರನೆಯ ದಿನಾಂಕಕ್ಕೆ ಮುಂಚೆ, ವಾಪಸು ಬಂದ ಸಮನ್ಸುಗಳ ಮೇಲೆಲ್ಲ ನೋಟುಪುಸ್ತಕ ನೋಡಿ ಕರೆಯುವ ಹೆಸರು ಬರೆದು, ಚೀಲಕ್ಕೆ ತುಂಬಿ, ನನ್ನನ್ನೂ ಕರೆದುಕೊಂಡು, ಊದಿದ ಮಂಡಿಗಳಲ್ಲೇ ಅವರು ಗುಡ್ಡ ಹತ್ತಿದರು.

“ಥಿಯೋಫಿಲಸ್ ಅಂದ್ರೆ ನೀನೇ ಕಣಪ್ಪ, ಟಿ-ಕಾಕ್.”

“ಅಯ್ಯೋ ತಾಯಿ, ಮೆಲ್ಲಗೆ! ಆ ಹೆಸರು ಹಿಡಿದು ಗಟ್ಟಿಯಾಗಿ ಕರೀಬೇಡಿ.”

“ದೆವ್ವ ಅಲ್ಲಪ್ಪ, ಸರ್ಕಾರ ಕರೀತಿರೋದು.”

“ಅದು ಇನ್ನೂ ಕೆಟ್ಟದ್ದಲ್ವಾ!”

ಇಬ್ಬರೂ ನಕ್ಕರು. ಆಮೇಲೆ ಮಿಸ್ ಲಿನಸ್‌ನ ನಾಲ್ಕು ವರ್ಷದ ಮಾತು ತೆಗೆದರು. ಟಿ-ಕಾಕ್ ನಗು ನಿಲ್ಲಿಸಿ ಸಮನ್ಸಿಗೆ ಸಹಿ ಹಾಕಿದ.

ಆ ಸಲ ಗುಡ್ಡದಿಂದ ನಲವತ್ತಮೂರು ಜನ ಬಂದರು; ಹನ್ನೆರಡು ಕುರ್ಚಿಗಳೂ ತುಂಬಿದವು. ಸಾಕ್ಷ್ಯವನ್ನೆಲ್ಲ ಕೇಳಿದ ಮೇಲೆ ಜ್ಯೂರಿಯ ಪರವಾಗಿ ಎದ್ದು “ನಿರ್ದೋಷಿ” ಎಂದವನು ಥಿಯೋಫಿಲಸ್ ಹಿಪೊಲೈಟನೇ. ಲಿನಸ್ ಮನೆಗೆ ಹೋದ. ನಾಲ್ಕು ವರ್ಷವನ್ನು ಯಾರೂ ಹಿಂದಿರುಗಿಸಲಿಲ್ಲ, ಯಾರೂ ಕ್ಷಮೆ ಕೇಳಲಿಲ್ಲ. ಮುದ್ರೆ ಒತ್ತಿದ ಕೈಗೆ ಬಡ್ತಿ ಸಿಕ್ಕಿತು. ಮಿಸ್ ಅವರ ಹನ್ನೊಂದು ಪುಸ್ತಕಗಳನ್ನು ‘ಅಧಿಕೃತ ದಾಖಲೆಯಲ್ಲ’ ಎಂದು ಕಳೆದ ವಾರ ಉಗ್ರಾಣಕ್ಕೆ ಎಸೆದರು.

ಅವನ್ನು ನಾನು ವಾಪಸು ತಂದಿದ್ದೇನೆ. ಹನ್ನೆರಡನೆಯದನ್ನು ಶುರುಮಾಡಿದ್ದೇನೆ, ತಪ್ಪಿದ್ದರೆ ತಿದ್ದಲು ನೀವು ಬರುತ್ತಿರಬೇಕು, ಮಿಸ್. ನಿಮ್ಮ ಕರೆಯುವ ಹೆಸರು ನನಗೆ ಗೊತ್ತು. ಅದನ್ನು ಮಾತ್ರ ಅದರಲ್ಲಿ ಬರೆದಿಲ್ಲ. ರೇಡಿಯೋ ನಿಮ್ಮ ಎರಡೂ ಹೆಸರುಗಳನ್ನು ಒಟ್ಟಿಗೆ ಓದುವ ಸಂಜೆ ಬಹಳ, ಬಹಳ ದೂರವಿರಲಿ.